ಪರೀಕ್ಷೆಗೇ ಹೋಗದವಳಿಗೆ 78% ಅಂಕ: ಹೆಣ್ಣುಮಕ್ಕಳ ‘ಸ್ಕಾಲರ್‌ಶಿಪ್ ಸ್ಪರ್ಧೆ’ಗೆ ಕಟ್ಟಿದ ದುಡ್ಡು ವಾಪಸ್ ಬಂದ ಬಗೆ

ಕಳೆದ ವಾರ ಆ ಹುಡುಗಿಯ ಅಪ್ಪನ ಖಾತೆಗೆ ₹10,249 ಬಂತು. ಜುಲೈನಲ್ಲಿ ₹250ರ ಅರ್ಜಿಯಿಂದ ಶುರುವಾಗಿದ್ದು ಮಾರ್ಚ್ ಎರಡನೇ ವಾರಕ್ಕೆ ಮುಗಿಯಿತು. ನಡುವೆ ಒಂದು ಪರೀಕ್ಷೆ, ಒಂದು ‘ರಾಜ್ಯ ಮಟ್ಟದ ಆಯ್ಕೆ’, ಮನೆಯವರಿಗೆ ಗೊತ್ತೇ ಆಗದಂತೆ ಹುಟ್ಟಿಕೊಂಡ ಒಂದು ಸಾಲ, ಎರಡು ಕಡೆ ದೂರು, ಒಂದು ಕೇಸು. ಹುಡುಗಿ ತುಮಕೂರು ಜಿಲ್ಲೆಯ ಹಳ್ಳಿ ಶಾಲೆಯೊಂದರ ಒಂಬತ್ತನೇ ತರಗತಿಯವಳು. ಸಂಸ್ಥೆಯ ಹೆಸರು ಬರೆಯುತ್ತಿಲ್ಲ. ಇದೇ ವರಸೆಯವು ಹಲವಾರಿವೆ. ಒಂದರ ಹೆಸರು ಹೇಳಿದರೆ ಉಳಿದವೆಲ್ಲ ಒಳ್ಳೆಯವು ಅಂದುಕೊಳ್ಳುವ ಅಪಾಯವಿದೆ.

ಕರಪತ್ರ ಬಂದದ್ದು ಶಾಲೆಯ ಮೂಲಕವೇ, ಹಂಚಿದ್ದು ನಾವು ಮೇಷ್ಟ್ರು-ಟೀಚರುಗಳೇ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಪೋಷಕರು ನಂಬಿದ್ದು ಕರಪತ್ರವನ್ನಲ್ಲ, ಅದು ಯಾರ ಕೈಯಿಂದ ಬಂತೋ ಅವರನ್ನು. ಪ್ರತಿ ಅರ್ಜಿಗೆ ₹25 ಶಾಲೆಗೆ ‘ನಿರ್ವಹಣಾ ವೆಚ್ಚ’ ಎಂದು ಬಿಟ್ಟುಕೊಟ್ಟಿದ್ದರು, ಅದೂ ಮಕ್ಕಳು ಕಟ್ಟಿದ ದುಡ್ಡಿನಲ್ಲೇ. 46 ಹುಡುಗಿಯರು ಕಟ್ಟಿದರು. ಒಂದು ಶಾಲೆಯಿಂದ ₹11,500.

ಆ ಕರಪತ್ರ ಈಗಲೂ ಎದುರಿಗಿದೆ. ಮೇಲ್ಗಡೆ ‘ಬಾಲಕಿಯರಿಗೆ ಮಾತ್ರ’. ಇಷ್ಟಿದ್ದರೆ ಸಾಕು, ಇದು ಸರ್ಕಾರದ್ದೇ ಇರಬೇಕು ಅನ್ನಿಸುತ್ತದೆ, ಯಾಕೆಂದರೆ ಸೈಕಲ್ಲಿನಿಂದ ಹಿಡಿದು ಬಸ್ಸಿನವರೆಗೆ ಹೆಣ್ಣುಮಕ್ಕಳಿಗೆಂದು ಬರುವುದೆಲ್ಲ ಸರ್ಕಾರದಿಂದಲೇ ಬಂದದ್ದು. ಅದರ ಕೆಳಗೆ ‘ಒಟ್ಟು ₹5 ಕೋಟಿ ವಿದ್ಯಾರ್ಥಿವೇತನ’. ಪಕ್ಕದಲ್ಲಿ ಮೂರು ಮುದ್ರೆ: ಉದ್ಯಮ್ ನೋಂದಣಿ, ಐಎಸ್‌ಒ 9001, ಇನ್ನೊಂದು ಅಶೋಕ ಸ್ತಂಭವನ್ನೇ ಹೋಲುವಂತೆ ಬರೆಸಿದ ಸಿಂಹದ ತಲೆ. ತೀರಾ ಕೆಳಗೆ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ‘ಷರತ್ತುಗಳು ಅನ್ವಯ’.

ಒಂದೊಂದಾಗಿ ನೋಡಿ. ಉದ್ಯಮ್ ನೋಂದಣಿ ಎಂದರೆ ಸಣ್ಣ ಉದ್ದಿಮೆ ನಡೆಸುವವರು ಆಧಾರ್, ಪ್ಯಾನ್ ಹಾಕಿ ತಾವೇ ಘೋಷಿಸಿಕೊಂಡು ಪುಕ್ಕಟೆ ಪಡೆಯುವ ಸಂಖ್ಯೆ. ಬೇಕರಿಗೂ ಸಿಗುತ್ತದೆ, ಪಂಕ್ಚರ್ ಅಂಗಡಿಗೂ ಸಿಗುತ್ತದೆ. ಪರೀಕ್ಷೆ ನಡೆಸಲು ಅದು ಅನುಮತಿಯಲ್ಲ. ಹಾಗೆ ನೋಡಿದರೆ ‘ನಾವು ವ್ಯಾಪಾರಿಗಳು’ ಎಂದು ಅವರೇ ಬರೆದುಕೊಟ್ಟ ಹಾಗೆ. ಐಎಸ್‌ಒ 9001 ಸಂಸ್ಥೆಯ ಕೆಲಸದ ಪದ್ಧತಿಗೆ ಸಿಗುವ ಪ್ರಮಾಣಪತ್ರ, ಕೊಡುತ್ತೇವೆಂದ ದುಡ್ಡಿಗೂ ಅದಕ್ಕೂ ಸಂಬಂಧವಿಲ್ಲ. ರಾಷ್ಟ್ರಲಾಂಛನವನ್ನಾಗಲಿ ಅದನ್ನು ಹೋಲುವ ಚಿತ್ರವನ್ನಾಗಲಿ ಸರ್ಕಾರದ್ದೆಂಬ ಭಾವನೆ ಬರುವಂತೆ ಬಳಸುವುದು 2005ರ ಕಾಯ್ದೆಯ ಪ್ರಕಾರ ಅಪರಾಧ. ವೆಬ್‌ಸೈಟ್ ವಿಳಾಸದ ಕೊನೆ ನೋಡಿ: ಸರ್ಕಾರಿ ಸಂಸ್ಥೆಗಳದ್ದು ಡಾಟ್ ಜಿಒವಿ ಡಾಟ್ ಇನ್ ಅಥವಾ ಡಾಟ್ ಎನ್‌ಐಸಿ ಡಾಟ್ ಇನ್. ಬರೀ ಡಾಟ್ ಇನ್, ಡಾಟ್ ಒಆರ್‌ಜಿ ಯಾರು ಬೇಕಾದರೂ ಕೊಳ್ಳಬಹುದು. ಶಾಲೆಗಳವರಿಗೆ ಇನ್ನೊಂದು ಮಾತು: ‘ಬಿಇಒ ಆಫೀಸಿನ ಸುತ್ತೋಲೆ ಇದೆಯಾ?’ ಎಂದು ಕೇಳಿ, ಇದೆ ಅಂದರೆ ಪ್ರತಿ ತೆಗೆದುಕೊಂಡು ಕ್ರಮಸಂಖ್ಯೆ ಹೇಳಿ ಕಚೇರಿಗೆ ಫೋನ್ ಮಾಡಿ. ನಾವು ಕೇಳಲಿಲ್ಲ.

ಆಮೇಲೆ ಆ ಐದು ಕೋಟಿ. ₹25,000ದ ರಿಯಾಯಿತಿ ಕೂಪನ್ 2,000 ಜನಕ್ಕೆ ಹಂಚಿದರೆ ಐದು ಕೋಟಿ ಆಗುತ್ತದೆ, ಕೊಡುವವನ ಜೇಬಿನಿಂದ ಒಂದು ರೂಪಾಯಿಯೂ ಹೋಗುವುದಿಲ್ಲ. ಈ ಲೆಕ್ಕ ನಮ್ಮವರು ಕಂಡುಹಿಡಿದದ್ದೇನಲ್ಲ. ಮಿಸ್ ಅಮೆರಿಕ ಸಂಸ್ಥೆ ವರ್ಷಕ್ಕೆ 4.5 ಕೋಟಿ ಡಾಲರ್ ವಿದ್ಯಾರ್ಥಿವೇತನ ‘ಲಭ್ಯವಾಗಿಸುತ್ತೇವೆ’ ಎಂದು ಹೇಳಿಕೊಳ್ಳುತ್ತಿತ್ತು. 2014ರಲ್ಲಿ ಒಂದು ಟಿವಿ ಕಾರ್ಯಕ್ರಮದವರು ಕಡತ ಬಿಡಿಸಿದಾಗ, ಗೆದ್ದ ಒಬ್ಬಳು ಪಡೆಯಬಹುದಾದ ಕಾಲೇಜು ಶುಲ್ಕದ ರಿಯಾಯಿತಿಯನ್ನು ಎಲ್ಲ ಸ್ಪರ್ಧಿಗಳ ಸಂಖ್ಯೆಯಿಂದ ಗುಣಿಸಿ ತೋರಿಸಿದ್ದು ಹೊರಬಿತ್ತು. ‘ಕೊಟ್ಟಿದ್ದೇವೆ’ ಎನ್ನದೆ ‘ಒಟ್ಟು ಮೌಲ್ಯ’, ‘ವರೆಗೆ’, ‘ಲಭ್ಯ’ ಎಂದಿದ್ದರೆ ಅಲ್ಲೇ ನಿಲ್ಲಿ.

ಅರ್ಜಿಯಲ್ಲಿ ಹುಡುಗಿಯ ಪಾಸ್‌ಪೋರ್ಟ್ ಅಳತೆಯ ಫೋಟೊ, ಹುಟ್ಟಿದ ದಿನ, ಆಧಾರ್ ಪ್ರತಿ, ಅಪ್ಪನ ಮೊಬೈಲ್ ನಂಬರು, ಅಮ್ಮನ ಮೊಬೈಲ್ ನಂಬರು, ಕುಟುಂಬದ ಆದಾಯ. ನಿಜವಾದ ವಿದ್ಯಾರ್ಥಿವೇತನಕ್ಕೂ ಆದಾಯ ಕೇಳುತ್ತಾರಲ್ಲ ಎನ್ನಬಹುದು. ಅಲ್ಲಿ ಕೇಳುವುದು ತಹಶೀಲ್ದಾರರು ಕೊಟ್ಟ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ. ಇಲ್ಲಿದ್ದದ್ದು ‘1–2 ಲಕ್ಷ, 2–5 ಲಕ್ಷ, ಅದಕ್ಕಿಂತ ಹೆಚ್ಚು’ ಎಂಬ ಮೂರು ಚೌಕ. ಯಾರಿಗೆ ಎಷ್ಟರ ಕೋರ್ಸು ಮಾರಬಹುದು ಎಂದು ತಿಳಿಯಲು ಅಷ್ಟು ಸಾಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನು ಮಕ್ಕಳೆಂದೇ ಪರಿಗಣಿಸಿ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಆಧಾರ್ ಕೊಡಲೇಬೇಕಾಗಿ ಬಂದರೆ ಯುಐಡಿಎಐ ತಾಣದಿಂದ ‘ಮಾಸ್ಕ್ಡ್ ಆಧಾರ್’ ಇಳಿಸಿಕೊಳ್ಳಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ.

ಪರೀಕ್ಷೆಯ ಬಗ್ಗೆ ಹೇಳುವುದು ಕಡಿಮೆ. ಆಗಸ್ಟ್‌ನ ಒಂದು ಭಾನುವಾರ, 60 ಪ್ರಶ್ನೆ, ಒಂದು ಗಂಟೆ, ಓಎಂಆರ್ ಹಾಳೆ. ಹಾಳೆಗೆ ಕಾರ್ಬನ್ ಪ್ರತಿ ಇರಲಿಲ್ಲ, ಪ್ರಶ್ನೆಪತ್ರಿಕೆ ವಾಪಸ್ ಇಸಿದುಕೊಂಡರು, ಕೀ ಉತ್ತರ ಕೊನೆಗೂ ಬರಲಿಲ್ಲ. ಅಂದರೆ ಯಾರಿಗೆ ಎಷ್ಟು ಬಂತೆಂದು ಲೆಕ್ಕ ಹಾಕಲು ಯಾರ ಕೈಯಲ್ಲೂ ಏನೂ ಉಳಿಯಲಿಲ್ಲ.

ಫಲಿತಾಂಶ ಬಂದದ್ದು ಸೆಪ್ಟೆಂಬರ್ ಮೊದಲ ವಾರ, ವಾಟ್ಸಾಪ್‌ನಲ್ಲಿ. ‘ಅಭಿನಂದನೆಗಳು! ನಿಮ್ಮ ಮಗಳು ರಾಜ್ಯ ಮಟ್ಟಕ್ಕೆ ಆಯ್ಕೆ. ಅಂಕ 81%. ವಿದ್ಯಾರ್ಥಿವೇತನ ₹25,000.’ ಮಾರನೇ ದಿನ ಪ್ರಾರ್ಥನೆ ಹೊತ್ತಿಗೆ ಅವಳನ್ನು ಮುಂದೆ ಕರೆಸಿ ಚಪ್ಪಾಳೆ ತಟ್ಟಿಸಿದೆವು. ಅವಳ ಅಜ್ಜಿ ಹತ್ತು ಮನೆಗೆ ಹೇಳಿ ಬಂದಿದ್ದರು. ಈ ಚಪ್ಪಾಳೆಯೇ ಮುಂದೆ ದೊಡ್ಡ ತೊಡಕಾಯಿತು: ಊರಿಗೆಲ್ಲ ಗೊತ್ತಾದ ಮೇಲೆ ‘ಬೇಡ’ ಅನ್ನಲು ಅಪ್ಪನಿಗೆ ಬಾಯಿ ಬರಲಿಲ್ಲ.

ಎರಡು ದಿನ ಬಿಟ್ಟು ಕರೆ. ‘ಸರ್, ನಿಮ್ ಮಗಳ ಸ್ಕಾಲರ್‌ಶಿಪ್ ಸ್ಯಾಂಕ್ಷನ್ ಆಗಿದೆ. 72 ಗಂಟೆಯೊಳಗೆ ಸೀಟ್ ಬ್ಲಾಕ್ ಮಾಡ್ಬೇಕು, ಇಲ್ಲಾಂದ್ರೆ ವೇಟಿಂಗ್ ಲಿಸ್ಟ್‌ನವ್ರಿಗೆ ಹೋಗತ್ತೆ.’ ಆಗ ಬಯಲಾದ ಲೆಕ್ಕ: ₹48,000ದ ಆನ್‌ಲೈನ್ ಕೋರ್ಸಿದೆ, ಅದರಲ್ಲಿ ₹25,000 ಕಡಿತ, ಉಳಿದ ₹23,000 ಪೋಷಕರದ್ದು. ₹4,999 ಈಗಲೇ, ಬಾಕಿ ₹18,001 ಒಂಬತ್ತು ಕಂತಿನಲ್ಲಿ. ಕೊಡುವುದನ್ನು ಅವರು ವಿದ್ಯಾರ್ಥಿವೇತನ ಎನ್ನುತ್ತಾರೆ; ಆಷಾಢದ ಸೀರೆ ಅಂಗಡಿಯಲ್ಲಿ ಅದಕ್ಕೆ ಡಿಸ್ಕೌಂಟ್ ಅನ್ನುತ್ತಾರೆ. ಆ ₹48,000 ಕೊಟ್ಟು ಕೋರ್ಸು ಕೊಂಡವರು ಯಾರಾದರೂ ಇದ್ದಾರಾ ಎಂಬುದೂ ಅನುಮಾನವೇ.

ಹೋಲಿಕೆಗೆ ಒಂದು ಅಂಕಿ. ಎನ್‌ಎಂಎಂಎಸ್ ಎಂಬ ಕೇಂದ್ರದ ವಿದ್ಯಾರ್ಥಿವೇತನ ವರ್ಷಕ್ಕೆ ₹12,000. ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ನಾಲ್ಕು ವರ್ಷಕ್ಕೆ ಸರಿಯಾಗಿ ₹48,000, ನೇರ ಮಗುವಿನ ಖಾತೆಗೆ. ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳು ಎಂಟನೇ ತರಗತಿಯಲ್ಲಿ ಬರೆಯಬೇಕು, ಪೋಷಕರ ಆದಾಯ ವರ್ಷಕ್ಕೆ ₹3.5 ಲಕ್ಷ ಮೀರಬಾರದು. ಈ ಹುಡುಗಿ ಎಂಟನೇ ತರಗತಿಯಲ್ಲಿ ಅದನ್ನು ಬರೆದಿರಲಿಲ್ಲ. ಒಂಬತ್ತಕ್ಕೆ ಬಂದ ಮೇಲೆ ಮತ್ತೆ ಅವಕಾಶವಿಲ್ಲ.

ಅಪ್ಪ ₹4,999 ಯುಪಿಐನಲ್ಲಿ ಕಟ್ಟಿದರು. ಅದರ ಹಿಂದೆಯೇ ‘ಸ್ಕಾಲರ್‌ಶಿಪ್ ಅಕೌಂಟ್ ವೆರಿಫಿಕೇಶನ್’ ಎಂದು ಮೂರು ಓಟಿಪಿ ಕೇಳಿದರು. ಅವರು ಹೇಳಿದರು. ಅಕ್ಟೋಬರ್ 5ಕ್ಕೆ ಖಾತೆಯಿಂದ ₹2,000 ಕಡಿತವಾದಾಗ ಗೊತ್ತಾಯಿತು: ಮೊದಲ ಓಟಿಪಿ ಪ್ಯಾನ್-ಆಧಾರ್ ಕೆವೈಸಿಗೆ, ಎರಡನೆಯದು ಸಾಲದ ಕರಾರಿಗೆ ಇ-ಸಹಿ, ಮೂರನೆಯದು ಖಾತೆಯಿಂದ ತಾನಾಗಿ ಕಂತು ಕತ್ತರಿಸುವ ಇ-ಮ್ಯಾಂಡೇಟ್‌ಗೆ. ‘ಕಂತು’ ಅಂದದ್ದು ಒಂದು ಹಣಕಾಸು ಕಂಪನಿ ಅಪ್ಪನ ಹೆಸರಲ್ಲಿ ಕೊಟ್ಟ ಸಾಲ. ₹18,001 ಪೂರ್ತಿ ಆಗಲೇ ಕೋರ್ಸಿನವರ ಕೈ ಸೇರಿಯಾಗಿತ್ತು. ಕೋರ್ಸು ಬಿಟ್ಟರೂ ಸಾಲ ಬಿಡುವುದಿಲ್ಲ ಎಂಬುದು ಈ ಏರ್ಪಾಡಿನ ಜೀವಾಳ. ಓಟಿಪಿ ಸಂದೇಶದ ಇಂಗ್ಲಿಷ್ ಸಾಲಿನಲ್ಲಿ ‘ಲೋನ್ ಅಗ್ರಿಮೆಂಟ್’ ಎಂದು ಬರೆದೇ ಇತ್ತು. ಅಂಕಿ ಓದುವ ಮೊದಲು ಆ ಸಾಲು ಓದಿಸಿ.

ಪರೀಕ್ಷೆಯ ದಿನ ಜ್ವರ ಬಂದು ಮನೆಯಲ್ಲಿ ಮಲಗಿದ್ದ ಇನ್ನೊಬ್ಬ ಹುಡುಗಿಯ ಫೋನು ನೋಡಿದ್ದು ಅದೇ ವಾರ. ಅವಳಿಗೂ ‘ರಾಜ್ಯ ಮಟ್ಟಕ್ಕೆ ಆಯ್ಕೆ, ಅಂಕ 78%, ವಿದ್ಯಾರ್ಥಿವೇತನ ₹25,000’ ಬಂದಿತ್ತು! ಆಮೇಲೆ ತರಗತಿಯಲ್ಲಿ ಒಬ್ಬೊಬ್ಬರನ್ನೇ ಕೇಳುತ್ತ ಹೋದರೆ 46 ಜನಕ್ಕೂ ಆಯ್ಕೆಯ ಸಂದೇಶ. ಪರೀಕ್ಷೆ ದಿನದ ಹಾಜರಿ ಹಾಳೆಯ ದೃಢೀಕೃತ ಪ್ರತಿ ಮತ್ತು ಆ 78%ರ ಸ್ಕ್ರೀನ್‌ಶಾಟ್, ಇವೆರಡೇ ಕೊನೆಗೆ ಇಡೀ ಕೇಸಿಗೆ ಆಧಾರವಾದದ್ದು. ನೀವೂ ಮೊದಲು ಇದನ್ನೇ ಹುಡುಕಿ: ಬರೆಯದವರಿಗೆ ಬಂದಿದೆಯಾ, ಬರೆದವರಲ್ಲಿ ಬಾರದವರು ಯಾರಾದರೂ ಇದ್ದಾರಾ.

ಇಲ್ಲಿಂದ ಮುಂದೆ ಎಲ್ಲಿಗೆ ಹೋಗಬೇಕೆಂಬ ಗೊಂದಲದಲ್ಲೇ ಒಂದು ವಾರ ಕಳೆಯಿತು. ಠಾಣೆಯಲ್ಲಿ ‘ರಸೀದಿ ಕೊಟ್ಟಿದ್ದಾರೆ, ಕೋರ್ಸಿನ ಲಾಗಿನ್ ಕೊಟ್ಟಿದ್ದಾರೆ, ಇದು ಸಿವಿಲ್’ ಎಂದರು. ವಿಂಗಡಣೆ ಹೀಗಿದೆ. ವಿಳಾಸವೇ ಇಲ್ಲದವರು, ‘₹2 ಲಕ್ಷ ಬಿಡುಗಡೆಯಾಗಿದೆ, ಪ್ರೊಸೆಸಿಂಗ್ ಫೀ ಕಟ್ಟಿ’ ಎಂದು ದುಡ್ಡು ಎಳೆದುಕೊಂಡು ಮಾಯವಾಗುವವರಾದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬೇಗ ಮಾಡಿದಷ್ಟೂ ಹಣ ಮುಂದಿನ ಖಾತೆಗೆ ಜಾರುವ ಮೊದಲೇ ತಡೆಯುವ ಸಾಧ್ಯತೆ ಹೆಚ್ಚು. ಬೇಟಿ ಬಚಾವೋ ಬೇಟಿ ಪಢಾವೋ ಹೆಸರಲ್ಲಿ 8ರಿಂದ 32 ವರ್ಷದ ಹೆಣ್ಣುಮಕ್ಕಳಿಗೆ ₹2 ಲಕ್ಷ ಎಂದು ಉತ್ತರದ ರಾಜ್ಯಗಳಲ್ಲಿ ಅರ್ಜಿ ಮಾರಿದವರು ಈ ಜಾತಿಯವರು. ಆ ಯೋಜನೆಯಲ್ಲಿ ಯಾರಿಗೂ ನೇರ ನಗದು ಕೊಡುವ ಅವಕಾಶವೇ ಇಲ್ಲ ಎಂದು ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಸ್ಪಷ್ಟಪಡಿಸಬೇಕಾಯಿತು. ಅಂಗಡಿ ತೆರೆದು ಕುಳಿತು, ರಸೀದಿ ಕೊಟ್ಟು, ಮಾತಿನಲ್ಲಿ ಮೋಸ ಮಾಡುವವರಿಗೆ ಗ್ರಾಹಕ ಕಾಯ್ದೆಯೇ ದಾರಿ.

ಮೊದಲು ಸಾಲ ನಿಲ್ಲಿಸಬೇಕು. ಮ್ಯಾಂಡೇಟ್ ರದ್ದು ಮಾಡುವುದು ಸುಲಭ, ಬ್ಯಾಂಕಿನ ಶಾಖೆಯಲ್ಲಿ ಒಂದು ಅರ್ಜಿ. ಬರೀ ಅಷ್ಟೇ ಮಾಡಿ ಸುಮ್ಮನಾದರೆ ಮುಂದಿನ ತಿಂಗಳು ‘ಕಂತು ತಪ್ಪಿದೆ’ ಎಂದು ಕ್ರೆಡಿಟ್ ವರದಿಯಲ್ಲಿ ಕೂರುತ್ತದೆ, ವಸೂಲಿಯವರ ಫೋನು ಶುರುವಾಗುತ್ತದೆ. ಅದೇ ದಿನ ಹಣಕಾಸು ಕಂಪನಿಯ ದೂರು ಅಧಿಕಾರಿಗೆ ಇಮೇಲ್ ಹೋಗಬೇಕು: ಸಾಲವೆಂದು ತಿಳಿಸದೆ ಓಟಿಪಿ ಪಡೆದಿದ್ದಾರೆ, ಸಾಲದ ಖಾತೆ ಸಂಖ್ಯೆ ಇಂಥದ್ದು, ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕಳಿಸಿ. ಬಡ್ಡಿ, ಶುಲ್ಕ, ಸಾಲ ಬೇಡವೆಂದು ಹಿಂದೆ ಸರಿಯಲು ಇರುವ ದಿನಗಳು ಎಲ್ಲ ಆ ಹಾಳೆಯಲ್ಲಿರಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ನಮಗೆ ಉತ್ತರ ಬರಲಿಲ್ಲ. 30 ದಿನ ಕಾದು ಆರ್‌ಬಿಐನ ದೂರು ತಾಣದಲ್ಲಿ ಒಂಬುಡ್ಸ್‌ಮನ್‌ಗೆ (ಇಂಥ ದೂರು ಬಗೆಹರಿಸುವ ಅಧಿಕಾರಿ) ಹಾಕಿದೆವು, ಶುಲ್ಕವಿಲ್ಲ, ಮಾಹಿತಿಗೆ 14448. 30 ದಿನ ಮುಗಿಯುವ ಮೊದಲೇ, ಕಂಪನಿಯ ಉತ್ತರವಿಲ್ಲದೆ ಹಾಕಿದರೆ ಅಲ್ಲೇ ತಿರಸ್ಕಾರವಾಗುತ್ತದೆ. ಡಿಸೆಂಬರ್ ಕೊನೆಗೆ ಸಾಲ ರದ್ದಾಯಿತು. ಕ್ರೆಡಿಟ್ ವರದಿಯನ್ನು ಆಮೇಲೆ ಖುದ್ದಾಗಿ ನೋಡಿ; ಆ ವರದಿ ತಯಾರಿಸುವ ನಾಲ್ಕೂ ಬ್ಯೂರೋಗಳು ವರ್ಷಕ್ಕೊಂದು ವರದಿ ಪುಕ್ಕಟೆ ಕೊಡಬೇಕು.

ಇದರ ಜೊತೆಜೊತೆಗೇ 1915. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಬೆಳಿಗ್ಗೆ 8ರಿಂದ ರಾತ್ರಿ 8, ಕನ್ನಡದಲ್ಲಿ ಮಾತಾಡುತ್ತಾರೆ. ಡಾಕೆಟ್ ಸಂಖ್ಯೆ ಕೊಡುತ್ತಾರೆ, ದೂರನ್ನು ಸಂಸ್ಥೆಗೆ ಕಳಿಸಿಕೊಡುತ್ತಾರೆ. ಆದೇಶ ಹೊರಡಿಸುವ ಅಧಿಕಾರ ಅವರಿಗಿಲ್ಲ. ಮೂರು ವಾರದ ಮೇಲೆ ಸಂಸ್ಥೆಯ ಉತ್ತರ ಬಂತು: ‘ನೋಂದಣಿ ಶುಲ್ಕ ಮತ್ತು ಸೀಟ್ ಶುಲ್ಕ ನಾನ್-ರಿಫಂಡಬಲ್. ವಿದ್ಯಾರ್ಥಿನಿ ಷರತ್ತುಗಳಿಗೆ ಸಹಿ ಮಾಡಿದ್ದಾರೆ.’ ಓದಿ ಬೇಜಾರಾಯಿತು, ಆದರೆ ನಮಗೆ ಬೇಕಾದ ಸಾಲನ್ನು ಅವರೇ ಬರೆದುಕೊಟ್ಟಿದ್ದರು. ವಿದ್ಯಾರ್ಥಿನಿಗೆ 14 ವರ್ಷ. 1872ರ ಕರಾರು ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪ್ರಾಪ್ತರು ಕರಾರು ಮಾಡಿಕೊಳ್ಳಲು ಅರ್ಹರಲ್ಲ.

ನವೆಂಬರ್‌ನಲ್ಲಿ ಲೀಗಲ್ ನೋಟಿಸ್, ವಕೀಲರಿಲ್ಲದೆ, ಒಂದೂವರೆ ಪುಟ: ಕರಪತ್ರ ಏನು ಹೇಳಿತು, ಏನು ಕೊಟ್ಟಿರಿ, ಎಷ್ಟು ದುಡ್ಡು, 15 ದಿನದಲ್ಲಿ ವಾಪಸ್ ಮಾಡಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ. ಕೌಂಟರಿನಲ್ಲಿ ‘ತಲುಪಿದ ಪುರಾವೆ ಬೇಕು’ ಎಂದು ಬಾಯಿಬಿಟ್ಟು ಹೇಳಿ. ಕರಪತ್ರದಲ್ಲಿದ್ದ ವಿಳಾಸಕ್ಕೆ ಹೋದದ್ದು ವಾಪಸ್ ಬಂತು. ಸರಿಯಾದ ವಿಳಾಸ ಸಿಕ್ಕಿದ್ದು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ, ಕಂಪನಿಯ ನೋಂದಾಯಿತ ಕಚೇರಿ ಬೇರೆ ರಾಜ್ಯದಲ್ಲಿತ್ತು. ವಾಪಸ್ ಬಂದ ಲಕೋಟೆ ಒಡೆಯಬೇಡಿ, ಹಾಗೇ ಇಡಿ, ಅದೂ ದಾಖಲೆ.

ಡಿಸೆಂಬರ್‌ನಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಇ-ಜಾಗೃತಿ ತಾಣದ ಮೂಲಕ ದೂರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಮಗೆ ಒದಗಿದ ಅನುಕೂಲಗಳು ಇವು: ಕಂಪನಿ ಎಲ್ಲೇ ಇರಲಿ, ದೂರುದಾರ ವಾಸಿಸುವ ಜಿಲ್ಲೆಯಲ್ಲೇ ಹಾಕಬಹುದು, ಗ್ರಾಹಕ ಅಪ್ರಾಪ್ತ ವಯಸ್ಸಿನವರಾದರೆ ಅಪ್ಪ-ಅಮ್ಮ ಹಾಕಬಹುದು, ಕೊಟ್ಟ ಹಣ ₹5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದವರೆಗೆ ಅವಕಾಶ. ಸರಕು ಅಥವಾ ಸೇವೆ ಮಾರಲು ಸ್ಪರ್ಧೆ ಏರ್ಪಡಿಸುವುದನ್ನು ಅದೇ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಯ ಪಟ್ಟಿಯಲ್ಲಿ ಹೆಸರು ಹಿಡಿದೇ ಹಾಕಿದೆ, ಬಹುಮಾನ ಯೋಜನೆಯ ಅಂತಿಮ ಫಲಿತಾಂಶವನ್ನು ಭಾಗವಹಿಸಿದವರಿಂದ ಮುಚ್ಚಿಡುವುದನ್ನೂ. ಎರಡೂ ಇರುವುದು ಕಲಮು 2(47)ರಲ್ಲಿ. ಕೋಚಿಂಗ್ ಜಾಹೀರಾತುಗಳ ಮೇಲೆ 2024ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯನ್ನೂ ಲಗತ್ತಿಸಿದೆವು.

ಮೊದಲ ಸಲ ಆಕ್ಷೇಪ ಹಾಕಿ ವಾಪಸ್ ಕಳಿಸಿದರು. ಪುಟಸಂಖ್ಯೆ ಇಲ್ಲ, ದಿನಾಂಕಗಳ ಪಟ್ಟಿ ಇಲ್ಲ, ವಾಟ್ಸಾಪ್ ಸ್ಕ್ರೀನ್‌ಶಾಟ್‌ಗೆ ಪ್ರಮಾಣಪತ್ರ ಇಲ್ಲ. ಈ ಮೂರನೆಯದೇ ಹೆಚ್ಚಿನವರು ಮರೆಯುವುದು: ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ, ನಮೂನೆ ಆ ಕಾಯ್ದೆಯ ಅನುಸೂಚಿಯಲ್ಲೇ ಇದೆ. ಸ್ಕ್ರೀನ್‌ಶಾಟ್‌ನಲ್ಲಿ ಕಳಿಸಿದವರ ನಂಬರು ಕಾಣಬೇಕು. ನಾವು ಹೆಸರು ಸೇವ್ ಮಾಡಿಕೊಂಡಿದ್ದರಿಂದ ‘ಸ್ಕಾಲರ್‌ಶಿಪ್ ಸರ್’ ಎಂದಷ್ಟೇ ಬಂದಿತ್ತು, ಮತ್ತೆ ತೆಗೆಯಬೇಕಾಯಿತು. ಆ ಫೋನು ಮಾರಬೇಡಿ, ಚಾಟ್ ಅಳಿಸಬೇಡಿ. ಯುಪಿಐ ಪಾವತಿಗೆ ಆ್ಯಪಿನ ಹಸಿರು ಟಿಕ್ ಸಾಲದು, ಆ ಪಾವತಿಯನ್ನು ಗುರುತಿಸುವ 12 ಅಂಕಿಯ ಯುಟಿಆರ್ ಸಂಖ್ಯೆ ಇರುವ ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕು.

ಖರ್ಚು: ಅಫಿಡವಿಟ್, ನೋಟರಿಗೆ ₹250, ಅಂಚೆ, ಜೆರಾಕ್ಸ್, ಸ್ಕ್ಯಾನ್ ಸೇರಿ ₹640, ತುಮಕೂರಿಗೆ ಎರಡು ಸಲ ಬಸ್ಸು. ಅಪ್ಪನಿಗೆ ಮೂರು ದಿನದ ಕೂಲಿ ಹೋಯಿತು, ಅದೇ ದೊಡ್ಡದು.

ಜನವರಿಯಲ್ಲಿ ದೂರು ದಾಖಲಾಗಿ ಎದುರುದಾರರಿಗೆ ನೋಟಿಸ್ ಹೋಯಿತು. ಉತ್ತರಕ್ಕೆ 30 ದಿನ, ಕೇಳಿಕೊಂಡರೆ ಇನ್ನು 15. ಅವರು ಉತ್ತರ ಹಾಕಲೇ ಇಲ್ಲ. ಫೆಬ್ರವರಿ ಕೊನೆಗೆ ವಕೀಲರೊಬ್ಬರು ಫೋನ್ ಮಾಡಿ ರಾಜಿ ಎಂದರು. ₹250, ₹4,999, ಕಡಿತವಾದ ₹2,000, ಖರ್ಚಿಗೆಂದು ₹3,000. ರಾಜಿ ಪತ್ರದ ಕರಡಿನಲ್ಲಿ ಎರಡು ಸಾಲು ಹೊಡೆದುಹಾಕಿಸಿದೆವು: ‘ಈ ವಿಷಯ ಯಾರಿಗೂ ಹೇಳತಕ್ಕದ್ದಲ್ಲ’ ಎಂಬುದೊಂದು, ‘ಇತರ ಅಭ್ಯರ್ಥಿಗಳ ಪರವಾಗಿಯೂ ಯಾವ ಹಕ್ಕು ಸಾಧಿಸುವುದಿಲ್ಲ’ ಎಂಬುದಿನ್ನೊಂದು. ಹಣ ಖಾತೆಗೆ ಬಂದ ಮೇಲೆಯೇ ದೂರು ಹಿಂತೆಗೆಯುವ ಮೆಮೊಗೆ ಸಹಿ. ಮೊದಲು ಸಹಿ, ಆಮೇಲೆ ಹಣ ಎಂದು ಅವರು ಎರಡು ಸಲ ಕೇಳಿದರು.

ಹುಡುಗಿ ಶಾಲೆಗೆ ಬರುತ್ತಿದ್ದಾಳೆ. ಚಪ್ಪಾಳೆ ತಟ್ಟಿಸಿದ ಹಾಗೆ ಇದನ್ನು ಪ್ರಾರ್ಥನೆಯಲ್ಲಿ ಹೇಳುವುದು ಹೇಗೆಂದು ಯಾರಿಗೂ ತಿಳಿಯಲಿಲ್ಲ. ಕೊನೆಗೆ ಅವಳೇ ಒಂದು ದಿನ ಎದ್ದು ಬಂದು ಆ ಓಟಿಪಿ ಸಂದೇಶವನ್ನು ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಅರ್ಥ ಹೇಳಿದಳು. ಅಪ್ಪನ ನಂಬರಿಗೆ ಬೇರೆ ಬೇರೆ ಕೋರ್ಸಿನವರ ಕರೆ ಇನ್ನೂ ನಿಂತಿಲ್ಲ, ಮಾರಾಟದ ಕರೆ ಬೇಡವೆಂದು 1909ಕ್ಕೆ ಡಿಎನ್‌ಡಿ ಹಾಕಿಸಿದ್ದಾಗಿದೆ.

ಉಳಿದಿರುವುದು ಮಿಕ್ಕ 45 ಹುಡುಗಿಯರ ₹250. ಒಂದೇ ಬಗೆಯ ನಷ್ಟವಾದ ಹಲವರು ಆಯೋಗದ ಅನುಮತಿ ಪಡೆದು ಒಟ್ಟಿಗೆ ದೂರು ಹಾಕಲು ಕಲಮು 35(1)(ಸಿ) ಇದೆ. ಶಾಲೆಗೆ ಬಂದ ₹25ರ ಲೆಕ್ಕವನ್ನೂ ಅದರಲ್ಲೇ ಬರೆದಿದ್ದೇವೆ. ಈವರೆಗೆ 31 ಪೋಷಕರ ಸಹಿ ಆಗಿದೆ. ಮಿಕ್ಕವರು ‘ಇನ್ನೂರೈವತ್ತು ರೂಪಾಯಿಗೆ ಯಾರು ಓಡಾಡ್ತಾರೆ ಮೇಡಂ’ ಅನ್ನುತ್ತಾರೆ. ಶುಲ್ಕವನ್ನು ಇನ್ನೂರೈವತ್ತಕ್ಕೇ ಇಟ್ಟವರಿಗೂ ಈ ಮಾತು ಗೊತ್ತಿತ್ತು. ಸೋಮವಾರ ಮತ್ತೆ ಮನೆಮನೆಗೆ ಹೋಗುವುದಿದೆ.